ಸ್ಪಂಜು, ನಲವತ್ತು ನಿಮಿಷ

ಬೆಳಿಗ್ಗೆ ಏಳಕ್ಕೇ ಬಂದು ನಿಂತಿದೆ ಬಿಳಿ ಹಡಗು.
ದೊಡ್ಡದೇನಲ್ಲ. ತೊಂಬತ್ತು ಮಂದಿ,
ಅವರನ್ನು ನೋಡಿಕೊಳ್ಳಲು ಎಂಬತ್ತು.
ದೊಡ್ಡ ಹಡಗಿಗೆ ನಮ್ಮ ಕಾಲಿಮ್ನೋಸಿನ ಬಂದರು
ಮಗುವಿನ ಚಪ್ಪಲಿ, ಹಿಮ್ಮಡಿಯೂ ಹಿಡಿಯದು.
ಇವರು ಚಿಕ್ಕದಕ್ಕೆಂದೇ ಹೆಚ್ಚು ಕೊಟ್ಟವರು.

ನನ್ನ ಕೈಯಲ್ಲಿ ಕೋಲು, ಕೋಲಿನ ತುದಿಗೆ ನಾಲ್ಕು.
ಎದೆಗೆ ನಾಲ್ಕು ಅಂಟಿಸಿಕೊಂಡ ಹದಿಮೂರು ಜನ
ಸಣ್ಣ ದೋಣಿಯಿಂದ ಇಳಿಯುತ್ತಾರೆ,
ಪ್ರತಿ ಮೊಣಕೈಗೂ ಮನಿಲಾದ ಹುಡುಗನೊಬ್ಬನ ಅಂಗೈ.
ತಣ್ಣನೆ ಟವೆಲು, ಅದಕ್ಕೆ ನಿಂಬೆಯ ಘಮ,
ಒರೆಸಿ ಹಿಂತಿರುಗಿಸುವಷ್ಟರಲ್ಲಿ
ಐದು ನಿಮಿಷ ಖರ್ಚು.

ಅವರ ಕಾಗದದಲ್ಲಿ ಬರೆದದ್ದು ಇಷ್ಟು:
ಸ್ಪಂಜಿಗಾಗಿ ಮುಳುಗುತ್ತಿದ್ದವನ ಭೇಟಿ, ನಲವತ್ತು ನಿಮಿಷ.
ಮೆಟ್ಟಿಲು ಹನ್ನೊಂದು. ನೆರಳಿದೆ.

ಮುದುಕ ಸಕೆಲ್ಲಾರಿಸ್ ಆಗಲೇ ಅಂಗಡಿ ಬಾಗಿಲಲ್ಲಿ.
ಬಲಗಾಲು ಎಳೆದು, ನಿಂತು, ಎಳೆದು
ಎದುರುಗೊಳ್ಳುತ್ತಾನೆ.
ಬಕೆಟ್ಟಿನಿಂದ ಕರಿಮುದ್ದೆಯೊಂದನ್ನು ಎತ್ತುತ್ತಾನೆ,
ಸತ್ತ ಇಲಿಯ ನಾತ. ಎಲ್ಲರೂ ಹಿಂದೆ.
ಹಿಂಡುತ್ತಾನೆ, ಬೆರಳ ಸಂದಿಯಲ್ಲಿ ಬಿಳಿ ಹಾಲು. ಎಲ್ಲರೂ ಮುಂದೆ.
ಗಿಡವೋ ಇದು? ಅಲ್ಲ, ಜೀವಿ, ಅನ್ನುತ್ತೇನೆ.
ಓ, ಅನ್ನುತ್ತಾರೆ, ತಂತಮ್ಮ ಬಚ್ಚಲು ನೆನೆದು.

ಆಮೇಲೆ ಕಾಲಿನ ಕಥೆ.
ಅವನದು ಒಂದು ಮಾತಾದರೆ ನನ್ನದು ಮೂರು.
ಟೊಮೇಟೊ ರೇಟಿಗೆ ಶಾಪ ಹಾಕಿದರೂ ಅವನು
ನನ್ನ ಬಾಯಿಗೆ ಬರುವಷ್ಟರಲ್ಲಿ ಅದು ಕಡಲು:
ಲಿಬಿಯಾದ ಕಡೆಯ ನೀರು, ನಲವತ್ತು ಮೀಟರು ಆಳ,
ಉಸಿರಿಗೊಂದು ರಬ್ಬರು ಕೊಳವೆ,
ರಕ್ತದೊಳಗೆ ಸೋಡಾದ ಹಾಗೆ ಉಕ್ಕಿದ ಗುಳ್ಳೆ.
ಹ್ಯಾಟು ತೆಗೆಯುತ್ತಾರೆ ಕೆಲವರು.

ಮುಳುಗಿದವನು ಇವನಲ್ಲ.
ಮುಳುಗಿದವನು ತಮ್ಮ, ಥೆಮೇಲಿಸ್.
ಇವನು ಮೇಲೆ, ದೋಣಿಯಲ್ಲಿ, ಹಗ್ಗ ಹಿಡಿದವನು.
ಕೆಳಗಿನಿಂದ ಜಗ್ಗಿದಾಗ ಹೆದರಿ
ಸರಸರ ಎಳೆದುಬಿಟ್ಟವನು.
ನಿಂತು ನಿಂತು ಎಳೆಯಬೇಕಿತ್ತು.

ಥೆಮೇಲಿಸ್ ಮೂವತ್ತೊಂದು ವರ್ಷ ಕುಂಟಿದ,
ಬಂದರಿನ ಕಟ್ಟೆಯಲ್ಲಿ ಲಾಟರಿ ಟಿಕೀಟು ಮಾರಿದ,
ಅಣ್ಣನ ಎದುರು ಹಗ್ಗದ ಮಾತೆತ್ತಲಿಲ್ಲ,
ಒಂದು ಫೆಬ್ರವರಿ, ಬೂಟು ಕಳಚುತ್ತಿದ್ದಾಗ, ಸತ್ತ.
ಮೇ ತಿಂಗಳಲ್ಲಿ ಹಡಗಿನ ಏಜೆಂಟು ಕೇಳಿದ:
ಕುಂಟುವವನೊಬ್ಬ ಇದ್ದಾನಂತಲ್ಲ ನಿಮ್ಮೂರಲ್ಲಿ?
ಇದ್ದಾನೆ, ಅಂದೆ.
ಅಪ್ಪನ ಬಟ್ಟೆ ಇನ್ನೂ ಗೂಟದಲ್ಲೇ ಇತ್ತು.

ದೊಡ್ಡಪ್ಪ ಒಂದು ರಾತ್ರಿ ಅಭ್ಯಾಸ ಮಾಡಿದ.
ಅಡಿಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡಿಗೆಮನೆಗೆ.
ನಾನೇ ಹೇಳಿಕೊಟ್ಟೆ: ಹಾಗಲ್ಲ, ಭುಜ ಮೊದಲು, ಆಮೇಲೆ ಕಾಲು.
ಮೂಲೆಯಲ್ಲಿ ಅಮ್ಮ ಬಟಾಣಿ ಬಿಡಿಸುತ್ತಿದ್ದಳು,
ತಲೆ ಎತ್ತಿದವಳು ಒಮ್ಮೆ
ಬಟ್ಟಲನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಇವತ್ತಿನ ತಂಡದಲ್ಲಿ ಒಬ್ಬಾಕೆ
ಸ್ಪಂಜು ನೋಡಲಿಲ್ಲ. ಅವನ ಚಪ್ಪಲಿ ನೋಡಿದಳು.
ಎಲ್ಲರೂ ಬಿಲ್ಲು ಕೊಡುವಾಗ ನನ್ನ ಪಕ್ಕಕ್ಕೆ ಬಂದು,
ಇದು ಮುಳುಗಿ ಬಂದ ಕಾಲಲ್ಲ, ಅಂದಳು.
ನಾನು ಮೂಳೆ ಡಾಕ್ಟರು, ನಿವೃತ್ತಿ ಆಯಿತು.
ನನ್ನ ಕೈಯ ಕೋಲು ತಣ್ಣಗಾಯಿತು.
ಸೊಂಟ ಹೋಗಿದೆ. ವರ್ಷಗಟ್ಟಲೆ ತಪ್ಪಾಗಿ ನಡೆದರೆ ಹೀಗೇ.
ಇನ್ನು ನೆಟ್ಟಗಾಗುವುದಿಲ್ಲ, ಅವರಿಗೆ ಹೇಳಿ.
ಅತಿ ದೊಡ್ಡದೊಂದನ್ನು ಆರಿಸಿ, ಚೌಕಾಸಿ ಮಾಡದೆ ಕೊಂಡು
ಕೊಡೆ ಬಿಚ್ಚಿಕೊಂಡು ಇಳಿದುಹೋದಳು.

ಐದಕ್ಕೆ ಹಡಗು ಕೂಗಿತು.
ಮನೆಯ ದಾರಿಯಲ್ಲಿ ಒಂದು ಅಂಜೂರದ ಮರವಿದೆ;
ಮೊದಮೊದಲ ಬೇಸಿಗೆಗಳಲ್ಲಿ ಅದನ್ನು ದಾಟಿದ್ದೇ ತಡ
ದೊಡ್ಡಪ್ಪ ನೆಟ್ಟಗೆ ನಡೆಯುತ್ತಿದ್ದ,
ವೇಷ ಕಳಚಿದವನಂತೆ, ಸಿಳ್ಳೆ ಹಾಕುತ್ತ.
ಮರ ದಾಟಿದೆವು.
ಎಳೆದು, ನಿಂತು, ಎಳೆದು.
ಯಾವ ಬೇಸಿಗೆಯಿಂದ ಹೀಗೋ, ನಾನು ಗಮನಿಸಿರಲಿಲ್ಲ.

ಅವಳೇನೋ ಬಹಳ ಹೊತ್ತು ಹೇಳುತ್ತಿದ್ದಳಲ್ಲ ನಿನಗೆ,
ಆ ಕೊಡೆಯವಳು?

ಮೆತ್ತಗಿದೆ ಅಂದಳು.
ಇಷ್ಟು ಮೆತ್ತಗಿನದು ಎಲ್ಲೂ ಸಿಗುವುದಿಲ್ಲವಂತೆ.